ಒಲೆಗಲ್ಲಿನ ಕೆಳಗಿನ ಬೆಳ್ಳಿ

"ಹೊಳೆದಂಡೇಲಿ ಎಲ್ಲಿ ಬೇಕಾದ್ರೂ ಅಗೆದ್ಕೋ ಮಗಾ. ಆ ಒಲೆಗಲ್ಲಿನ ಹತ್ರ ಮಾತ್ರ ಹೋಗ್ಬೇಡ," ಎಂದಳು ಕೋಕುಮ್ ಫಿಲೋಮೆನ್.

"ಯಾಕೆ, ಒಲೆ ಇನ್ನೂ ಆರಿಲ್ವಾ?" ರಸೆಲ್ ನಕ್ಕ.

"ಅಲ್ಲಿಂದ ತಗೊಂಡೋನು ಕೊಡ್ಬೇಕಾಗುತ್ತೆ."

"ಓಹೋ! ನಿಮ್ಮೂರಲ್ಲಿ ನೆಲಾನೂ ಚೌಕಾಸಿ ಮಾಡುತ್ತೆ ಅನ್ನಿ. ಸ್ವಲ್ಪ ನೋಡ್ಕೊಂಡು ರೇಟು ಹಾಕೋಕೆ ಹೇಳಿ ಕೋಕುಮ್, ನಾನು ಈ ಮನೆ ಅಳಿಯ ಅಲ್ವಾ?"

ಮುದುಕಿ ನಗಲಿಲ್ಲ. ಬ್ಯಾನಕ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಂತುಬಿಟ್ಟಿತು. ಕೋಕುಮ್ ಅಂದರೆ ನಮ್ಮಲ್ಲಿ ಅಜ್ಜಿ. ಫಿಲೋಮೆನ್, ರಸೆಲ್‌ನ ಹೆಂಡತಿ ಓದಿಲ್‌ಳಿಗೆ ಅಜ್ಜಿ; ಬರಬರುತ್ತಾ ಇಡೀ ಊರಿಗೇ ಅಜ್ಜಿಯಾಗಿದ್ದಳು. ಅವಳು ಒಂದು ಮಾತನ್ನು ಎರಡನೇ ಸಲ ಹೇಳುವವರ ಪೈಕಿಯಲ್ಲ. ಅವತ್ತು ಮಾತ್ರ ಹೇಳಿದಳು.

"ಹೋಗ್ಬೇಡ ಮಗಾ."

ನಮ್ಮ ಲಾ ಸೋಲ್ ಊರಿನ ಕೆಳಗೆ, ಹೊಳೆ ತಿರುಗುವ ಕಡೆ, ಹಿಂದೆ ಕಂಪನಿಯವರ ತುಪ್ಪಳದ ಕೋಠಿ ಇತ್ತು. ಬೀವರ್ ಚರ್ಮ ತಂದವರಿಗೆ ಕಂಬಳಿ, ತಾಮ್ರದ ಪಾತ್ರೆ, ಮಣಿ, ಮದ್ದುಗುಂಡು ಕೊಟ್ಟು ಕಳಿಸುತ್ತಿದ್ದ ಕೋಠಿ. ನಮ್ಮ ಅರ್ಧಕ್ಕರ್ಧ ಮನೆತನಗಳು ಆ ಕೋಠಿಯ ಬಿಳಿ ಗುಮಾಸ್ತರಿಗೂ ಇಲ್ಲಿನ ಮೂಲನಿವಾಸಿ ಕ್ರೀ ಹೆಂಗಸರಿಗೂ ಹುಟ್ಟಿದವೇ. ಈಗ ಅಲ್ಲಿ ಹುಲ್ಲು, ವಿಲೋ ಪೊದೆ, ಅಷ್ಟೇ. ಒಂದು ಕಡೆ ಮಾತ್ರ ಒಲೆಯ ಕಲ್ಲುಗಳು ಇನ್ನೂ ಗುಪ್ಪೆಯಾಗಿ ಉಳಿದಿವೆ.

ಆ ಒಲೆ ಉರಿಸುತ್ತಿದ್ದವಳ ಹೆಸರನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ತಾಯಿ ಎಂದಷ್ಟೇ ಅನ್ನುತ್ತೇವೆ. ಕೋಠಿಯ ಗುಮಾಸ್ತನೊಬ್ಬ ಅವಳ ಜೊತೆ ಸಂಸಾರ ಹೂಡಿ ಒಬ್ಬ ಮಗ, ಒಬ್ಬಳು ಮಗಳನ್ನು ಪಡೆದ. ಕಡಲಾಚೆಯ ತನ್ನ ಸೀಮೆಗೆ ವಾಪಸು ಹೋಗುವ ವರ್ಷ ಮಗಳನ್ನು ಎತ್ತಿಕೊಂಡು ದೋಣಿ ಹತ್ತಿದ. ಓದಿಸುತ್ತೇನೆ ಅಂದನಂತೆ. ತಾಯಿ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡಳಂತೆ. ಅವನು ಬೆರಳು ಬಿಡಿಸಿ, ಅವಳ ಶಾಲಿಗೆ ಒಂದು ಬೆಳ್ಳಿ ಬಿಲ್ಲೆ ಚುಚ್ಚಿ, ಸರಿ ಹೋಯ್ತಲ್ಲ ಅಂದನಂತೆ. ಅಯ್ಯೋ, ಎಂಥ ಮಾತು! ಕೂಸಿಗೆ ಬೆಲೆ ಕಟ್ಟಿದ ಆ ಬಿಲ್ಲೆಯನ್ನು ತಾಯಿ ಮಗಳ ಜಡೆಕೂದಲಲ್ಲಿ ಸುತ್ತಿ, ಅಂಗೈ ಕೊಯ್ದು ರಕ್ತ ಬಿಟ್ಟು, ಒಲೆಯ ಕಲ್ಲಿನ ಕೆಳಗೆ ಹೂತಳು. ಇದನ್ನು ಎತ್ತಿದವನು ತನ್ನ ಕೂಸನ್ನು ಮಾರಿದ ಹಾಗೆ ಎಂದಳು. ಆಮೇಲೆ ದೋಣಿಕಟ್ಟೆಯಲ್ಲಿ ಕೂತು ಕಾಯತೊಡಗಿದಳು. ಹೊಳೆ ಹೆಪ್ಪುಗಟ್ಟಿದರೂ ಏಳಲಿಲ್ಲ. ಊರಲ್ಲುಳಿದ ಆ ಮಗನ ಸಂತಾನವೇ ಕೋಕುಮ್ ಫಿಲೋಮೆನ್.

ರಸೆಲ್‌ಗೆ ಈ ಕತೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದಿಲ್ ಹೇಳಿದ್ದಳು. ಆದರೆ ಅವನು ವಿನ್ನಿಪೆಗ್ ಪಟ್ಟಣದಿಂದ ಬಂದ ದೋಣಿ ಎಂಜಿನ್ ಮೆಕ್ಯಾನಿಕ್. ಬಿಚ್ಚಿ ನೋಡಲಾಗದ್ದನ್ನು ನಂಬುವ ಜಾತಿಯವನಲ್ಲ. ಕೆಟ್ಟವನೂ ಅಲ್ಲ, ದುರಾಸೆಯವನೂ ಅಲ್ಲ. ಅಪ್ಪ ಅಮ್ಮ ಯಾರೆಂದು ತಿಳಿಯದೆ, ಸರಕಾರ ತೋರಿಸಿದ ಯಾರು ಯಾರದೋ ಮನೆಗಳಲ್ಲಿ ಬೆಳೆದವನು. ಜಗತ್ತಿನಲ್ಲಿ ಅವನ ರಕ್ತ ಅಂತ ಇದ್ದದ್ದು ಒಂದೇ ಜೀವ, ಮಗಳು ಜೋಸೆಟ್. ಅವಳು "ಪಪ್ಪಾ" ಅಂದರೆ ಈ ಗಂಡಸಿನ ಮುಖ ಅರಳುವುದನ್ನು ನೋಡಿ ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ರಜೆ ಸಿಕ್ಕರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಳೆದಂಡೆಗೆ ಹೋಗುವುದು ಅವನ ಹುಚ್ಚು. ಬೇಸಿಗೆಯುದ್ದಕ್ಕೂ ಸಿಕ್ಕಿದ್ದು ಕಬ್ಬಿಣದ ಮೊಳೆ, ಸೀಸದ ಗುಂಡು, ಕೋಟಿನ ಹಿತ್ತಾಳೆ ಗುಂಡಿಗಳು. ಜೋಸೆಟ್ ಅವನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಮೊಟ್ಟೆ ಟ್ರೇಯಲ್ಲಿ ಜೋಡಿಸುವಳು.

"ಪಪ್ಪಾ, ಇದು ಯಾರ ಗುಂಡಿ?"

"ಯಾರೋ ಹೊಟ್ಟೆಬಾಕಂದು. ಊಟ ಜಾಸ್ತಿಯಾಗಿ ಪಟ್ ಅಂತ ಹಾರೋಯ್ತು."

"ಸುಳ್ಳು!"

"ನಿನ್ನಾಣೆ."

ಆ ವರ್ಷ ಹೊಳೆ ದಂಡೆಯನ್ನು ವಿಪರೀತ ಕೊರೆದಿತ್ತು. ಮುಂದಿನ ಹಿಮ ಕರಗಿದರೆ ಒಲೆಗಲ್ಲೂ ನೀರಿಗೆ ಬೀಳುವುದು ಖಂಡಿತ. ಹೊಳೆಪಾಲಾಗುವ ಬದಲು ನನ್ನ ಮಗಳ ಟ್ರೇಯಲ್ಲಿ ಇರಲಿ ಎಂದುಕೊಂಡ ರಸೆಲ್. ಕೇಳಿದರೆ ನ್ಯಾಯವಾದ ಮಾತೇ. ನೆಲ ಕಲ್ಲಾಗುವ ಮುಂಚೆ, ನವೆಂಬರಿನ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ ಹೊರಟ.

ಹೊಳೆಯ ಮೇಲೆ ಮಂಜು ಮಲಗಿತ್ತು. ಕೊಳೆತ ಎಲೆಯ ವಾಸನೆ, ತಣ್ಣನೆ ಕೆಸರಿನ ವಾಸನೆ. ಒಲೆಗಲ್ಲಿನ ಸುತ್ತ ಮಾತ್ರ ಹೊಗೆಯ ವಾಸನೆ. ಯಾರೋ ಈಗಷ್ಟೇ ಬೆಂಕಿ ಆರಿಸಿ ಎದ್ದು ಹೋದಂತಿತ್ತು. ದೂರದಲ್ಲಿ ಯಾರೋ ಕಟ್ಟಿಗೆ ಸುಡುತ್ತಿರಬೇಕು ಎಂದುಕೊಂಡು ಹೆಡ್‌ಫೋನ್ ಹಾಕಿಕೊಂಡ.

ಈ ಕೆಲಸ ಮಾಡುವವರಿಗೆ ಒಂದು ಪದ್ಧತಿಯಿದೆ. ಹೊಸ ಜಾಗಕ್ಕೆ ಹೋದಾಗ, ತಾವು ಹುಡುಕುವಂಥದ್ದೇ ಒಂದು ಚೂರನ್ನು ಮೊದಲು ಅಲ್ಲಿ ಹೂತು, ಮೇಲೆ ಯಂತ್ರ ಆಡಿಸಿ, ಆ ನೆಲದಲ್ಲಿ ಅದು ಹೇಗೆ ಸದ್ದು ಮಾಡುತ್ತದೆ ಎಂದು ಕಿವಿಗೆ ಅಭ್ಯಾಸ ಮಾಡಿಕೊಳ್ಳುತ್ತಾರೆ. ಕಬ್ಬಿಣದ್ದು ಗೊರಕೆ, ಬೆಳ್ಳಿಯದು ತೆಳ್ಳಗಿನ ಕೂಗು. ಬೇರೆಲ್ಲ ಕಡೆ ರಸೆಲ್ ಒಂದು ನಾಣ್ಯ ಹೂಳುತ್ತಿದ್ದ. ಅವತ್ತು ಅವನಿಗೆ ಬೇಕಾದದ್ದು ತೆಳು ಬೆಳ್ಳಿಯ ಸದ್ದು. ಕೀಲಿ ಗೊಂಚಲಲ್ಲಿ ಜೋಸೆಟ್‌ಳ ನಾಮಕರಣದ ಬೆಳ್ಳಿ ಬಳೆ ತೂಗುತ್ತಿತ್ತು. ಕೈಗೆ ಚಿಕ್ಕದಾದ ಮೇಲೆ ಅವನೇ ಆಸೆಪಟ್ಟು ಸಿಕ್ಕಿಸಿಕೊಂಡಿದ್ದ. ಒಳಮೈಯಲ್ಲಿ ಅವಳ ಹೆಸರು ಕೆತ್ತಿತ್ತು.

ಬಳೆಯನ್ನು ಬಿಚ್ಚಿ, ಒಲೆಗಲ್ಲಿನ ಬುಡದಲ್ಲಿ ಗೇಣು ಆಳಕ್ಕೆ ಹೂತ.

"ತಗೋ ತಾಯಿ, ಮುಂಗಡ," ಎಂದು ನಕ್ಕ.

ಯಂತ್ರ ಆಡಿಸಿದ. ತೆಳ್ಳಗಿನ ಕೂಗು ಕೇಳಿತು. ಸರಿ, ತಿಳಿಯಿತು ಎಂದು ಬಳೆ ತೆಗೆಯಲು ಅಗೆದ. ಬಳೆ ಇರಲಿಲ್ಲ. ಮತ್ತೆ ಆಡಿಸಿದ. ಸದ್ದು ಅಲ್ಲೇ ಇತ್ತು, ಇನ್ನೂ ಆಳದಲ್ಲಿ. ಅಗೆದ. ಸದ್ದು ಕೆಳಗಿಳಿಯಿತು. ಮತ್ತೆ ಅಗೆದ. ಮಣ್ಣು ಬೂದಿಯ ಬಣ್ಣಕ್ಕೆ ತಿರುಗಿತು. ಹೆಡ್‌ಫೋನಿನೊಳಗೆ ಆ ಕೂಗು ಕೂಗಾಗಿ ಉಳಿಯಲಿಲ್ಲ. ಬಾಯಿ ಮುಚ್ಚಿಕೊಂಡು ಯಾರೋ ಜೋಗುಳ ಗುನುಗುತ್ತಿದ್ದರು. ರಸೆಲ್ ಹೆಡ್‌ಫೋನ್ ಕಿತ್ತು ಕುತ್ತಿಗೆಗೆ ಇಳಿಸಿದ. ಹೊಳೆ ಸುಮ್ಮನಿತ್ತು. ಬೆರಳಿಗೆ ಮೆತ್ತಗೆ ಏನೋ ತಗುಲಿತು.

ಕೂದಲು. ಸಣ್ಣ ಜಡೆ. ಅದರೊಳಗೆ ಬೆಳ್ಳಿ ಬಿಲ್ಲೆ, ಹೊಸದಾಗಿ ತಿಕ್ಕಿದ ಹಾಗೆ.

ಖುಷಿಯಲ್ಲಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಬಳೆ ಸಡಿಲ ಮಣ್ಣಿನಲ್ಲೆಲ್ಲೋ ಜಾರಿದೆ, ನಾಳೆ ಜರಡಿ ತಂದರಾಯಿತು ಎಂದುಕೊಂಡು, ಗುಂಡಿ ಮುಚ್ಚಿ ಮನೆಯ ದಾರಿ ಹಿಡಿದ. ಮಗಳಿಗೆ ತೋರಿಸುವ ಅವಸರ.

ಬಾಗಿಲ ಸದ್ದಿಗೆ ಜೋಸೆಟ್ ಎಂದಿನಂತೆ ಓಡಿ ಬಂದಳು. ಅರ್ಧಕ್ಕೇ ನಿಂತಳು. ಮೇಲಿಂದ ಕೆಳಗೆ ಅವನನ್ನು ನೋಡಿದಳು.

"ಅಮ್ಮಾ, ಯಾರೋ ಬಂದಿದ್ದಾರೆ."

"ಯಾರೋ ಅಲ್ಲ, ಹೊಟ್ಟೆಬಾಕ. ಗುಂಡಿ ವಾಪಸ್ ಕೇಳೋಕೆ ಬಂದಿದ್ದೀನಿ," ಎಂದು ದನಿ ದಪ್ಪ ಮಾಡಿ ಅವಳನ್ನು ಎತ್ತಿಕೊಳ್ಳಹೋದ.

ಹುಡುಗಿ ಚೀರಿದಳು. ಆಟದ ಚೀರಾಟವಲ್ಲ. ಓದಿಲ್ ಒಲೆಯ ಮೇಲಿನ ಸಾರು ಬಿಟ್ಟು ಓಡಿಬಂದಳು. ಮಗು ತಾಯಿಯ ಲಂಗದ ಹಿಂದೆ ಅಡಗಿ ನಡುಗುತ್ತಿತ್ತು.

"ಏನೇ ಇದು, ಪಪ್ಪ ಕಣೇ!"

"ನನಗೆ ಇವ್ರು ಗೊತ್ತಿಲ್ಲ."

ಜ್ವರ ಎಂದುಕೊಂಡರು. ಮೈ ಮುಟ್ಟಿದರೆ ತಣ್ಣಗಿತ್ತು. ನರ್ಸನ್ನು ಕರೆಸಿದರು, ಕಣ್ಣಿಗೆ ಬೆಳಕು ಬಿಟ್ಟು, ಹೆಸರು ಕೇಳಿ, ಎಲ್ಲ ಸರಿಯಿದೆ ಎಂದಳು. ಎಲ್ಲ ಸರಿಯೇ ಇತ್ತು, ಅಪ್ಪನೊಬ್ಬನ ಹೊರತು. ಗೋಡೆಯ ಫೋಟೋದಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡವನ ಮೇಲೆ ಬೆರಳಿಟ್ಟು, ಇವರು ಯಾರು ಎಂದು ಕೇಳಿದಳು. ಮಾರನೇ ದಿನದ ಹೊತ್ತಿಗೆ ಅವನ ಮಾತು ಅವಳ ಕಿವಿಗೆ ಬೀಳುವುದೂ ನಿಂತಿತು. ರಸೆಲ್ ಅವಳ ಮುಂದೆ ಮಂಡಿಯೂರಿ ಕೂತು "ಜೋಸೆಟ್, ಪುಟ್ಟಾ, ನನ್ನ ನೋಡೇ," ಎಂದು ಗೋಗರೆದರೆ, ಅವಳು ಅವನ ಆಚೆಗಿನ ಕಿಟಕಿ ನೋಡುತ್ತಾ ಯಾರೂ ಕಲಿಸದ ಒಂದು ಜೋಗುಳ ಗುನುಗುತ್ತಿದ್ದಳು. ಅವನಿಗೆ ಆ ರಾಗ ಗೊತ್ತಿತ್ತು.

ಓಡಿದ. ಬಿಲ್ಲೆಯನ್ನು ಅದೇ ಗುಂಡಿಗೆ ಹಾಕಿ, ಕಲ್ಲೆಳೆದು ಮುಚ್ಚಿ, ಅಂಗೈ ಕಿತ್ತುಹೋಗುವಷ್ಟು ಮಣ್ಣು ಕೆದರಿ ಬಳೆ ಹುಡುಕಿದ. ಸಿಗಲಿಲ್ಲ. ಮನೆಗೆ ಬಂದು ಕೋಟು ಬಿಚ್ಚಿದರೆ ಜೇಬಿನಲ್ಲಿ ಬಿಲ್ಲೆ. ಒದ್ದೆ. ಅದಕ್ಕೆ ಹೊಗೆಯ ವಾಸನೆ.

ಆಗ ಹೆದರಿದ ನೋಡಿ ರಸೆಲ್.

ಕೋಕುಮ್ ಫಿಲೋಮೆನ್ ಬಂದವಳು ಹೊಸಿಲಲ್ಲೇ ಮೂಗು ಮುಚ್ಚಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

"ತಗೊಂಡ್ಯಾ?"

"ಹೂಂ ಕೋಕುಮ್. ವಾಪಸ್ ಇಟ್ಟೆ. ಮತ್ತೆ ನನ್ನ ಜೇಬಿಗೇ ಬಂತು."

"ಏನು ಕೊಟ್ಟೆ?"

"ಏನೂ ಕೊಟ್ಟಿಲ್ಲ."

"ಸುಳ್ಳು ಹೇಳ್ಬೇಡ ಕಣೋ. ಕೊಡ್ದೆ ಅಲ್ಲಿಂದ ಏನೂ ಬರಲ್ಲ."

ರಸೆಲ್ ಬಳೆಯ ವಿಷಯ ಹೇಳಿದ. ಓದಿಲ್ ಅವನ ಕೀಲಿ ಗೊಂಚಲು ಕಿತ್ತುಕೊಂಡು ನೋಡಿದಳು. ಮುದುಕಿ ತಲೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಮಗನೇ! ಹೆಸರು ಕೆತ್ತಿದ ಬಳೆ! ಕೂಸಿನ ಕೈಯನ್ನೇ ಹಿಡ್ದು ಒಪ್ಪಿಸ್ಬಿಟ್ಯಲ್ಲೋ!"

"ನಾನು ಬರೀ ಸದ್ದು ನೋಡೋಕೆ ಅಂತ..."

"ಆಕೆಗೆ ಅದು ಹೇಗೆ ಗೊತ್ತಾಗ್ಬೇಕು? ಮಗಳು ಯಾವಾಗ ವಾಪಸ್ ಬರ್ತಾಳೋ ಅಂತ ಕಾಯ್ತಾ ಕೂತೋಳು ಆಕೆ. ನೀನೊಂದು ಹೆಣ್ಣು ಕೂಸು ಕಳಿಸ್ದೆ. ಬಂದ್ಳು ಅಂದ್ಕೊಂಡಿದ್ದಾಳೆ."

"ಏನು ಮಾಡ್ಲಿ? ಹೇಳಿ ಕೋಕುಮ್, ಏನು ಬೇಕಾದ್ರೂ ಮಾಡ್ತೀನಿ."

ಮುದುಕಿ ಬಾಯಿ ತೆರೆಯುವ ಮುಂಚೆ ತಣ್ಣನೆ ಗಾಳಿ ಒಳಗೆ ನುಗ್ಗಿತು. ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಜೋಸೆಟ್ ಕೂತಿದ್ದ ಕುರ್ಚಿ ಖಾಲಿ.

ನಮ್ಮ ಕಡೆ ನವೆಂಬರಿನಲ್ಲಿ ಸಂಜೆ ಚಹಾದ ಹೊತ್ತಿಗೇ ಕತ್ತಲೆ. ಮೂವರೂ ಓಡಿದರು. ಹೊಸ ಹಿಮದ ಮೇಲೆ ಪುಟ್ಟ ಬರಿಗಾಲಿನ ಗುರುತು. ಹೊಳೆಗೆ ನೇರ. ಓದಿಲ್ ಮಗಳ ಹೆಸರು ಕೂಗಿದಳು. ಉತ್ತರವಿಲ್ಲ. ಹೊಗೆಯ ವಾಸನೆ ದಟ್ಟವಾಯಿತು. ದೋಣಿಕಟ್ಟೆ ಬಂತು. ಕಾಲಿನ ಗುರುತು ಅಲ್ಲಿ ನಿಲ್ಲಲಿಲ್ಲ. ಮಂಜುಗಡ್ಡೆಯ ಮೇಲೆ ಹೋಗಿತ್ತು.

ಗಾಜಿನಷ್ಟು ತೆಳ್ಳಗಿನ ಮಂಜುಗಡ್ಡೆ. ಅದರ ಮೇಲೆ ಜೋಸೆಟ್. ರಾತ್ರಿ ಅಂಗಿಯಲ್ಲಿ. ಒಂದು ಕೈ ಪಕ್ಕಕ್ಕೆ ಎತ್ತಿದ್ದಳು. ಯಾರದೋ ಕೈ ಹಿಡಿದಂತೆ. ಆ ಕೈಯಲ್ಲಿ ಬಳೆ ಇತ್ತು. ಹಿಡಿದವರು ಕಾಣುತ್ತಿರಲಿಲ್ಲ. ಆದರೆ ಅವಳ ಪಕ್ಕದಲ್ಲಿ ಮಂಜುಗಡ್ಡೆ ಮತ್ತೊಬ್ಬರ ಭಾರಕ್ಕೆ ಕಿರುಗುಟ್ಟುತ್ತಿತ್ತು. ಒಂದೊಂದೇ ಹೆಜ್ಜೆಗೆ. ಕಿರ್. ಕಿರ್.

ರಸೆಲ್ ಕಾಲಿಟ್ಟ. ಗಡ್ಡೆ ಬಿರಿಯಿತು. ನೀರು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಬಂತು. ಬಿಲ್ಲೆಯನ್ನು ಕೈಲಿ ಎತ್ತಿ ಹಿಡಿದ.

"ತಗೋ ತಾಯಿ! ನಿನ್ನ ಬೆಳ್ಳಿ ನೀನೇ ಇಟ್ಕೋ!"

ಹೆಜ್ಜೆ ನಿಲ್ಲಲಿಲ್ಲ. ಕಿರ್. ಕಿರ್.

"ಆಕೆ ಯಾವತ್ತು ಬೆಳ್ಳಿ ಕೇಳಿದ್ಳೋ!" ದಡದಿಂದ ಮುದುಕಿ ಅರಚಿದಳು.

ರಸೆಲ್ ಬಿಲ್ಲೆ ಕೈಬಿಟ್ಟ. ಅದು ಮುಳುಗಿತು. ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ದಡದ ಕಡೆ ತಿರುಗಿ ನೋಡಿದ. ಓದಿಲ್ ನೀರಿಗೆ ಇಳಿದುಬಿಟ್ಟಿದ್ದಳು. ಮಂಜುಗಡ್ಡೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ದನಿ ಹೊರಡದೆ ಬಾಯಿ ತೆರೆದು ಅಳುತ್ತಿದ್ದಳು. ಅವಳ ಬೆರಳುಗಳಿಂದ ರಕ್ತ ಬರುತ್ತಿತ್ತು.

ಅವನಿಗೆ ಆಗ ತಿಳಿಯಿತು.

"ತಾಯಿ," ಎಂದ. ಈಗ ಕೂಗಲಿಲ್ಲ. "ಅಲ್ಲಿ ನೋಡು. ಅವಳು ಆ ಕೂಸಿನ ತಾಯಿ. ಅವಳ ಕೈಯಿಂದ ಕೂಸು ಬಿಡಿಸ್ಬೇಡ. ನಿನಗೆ ಮಾಡಿದ್ದನ್ನ ಅವಳಿಗೆ ಮಾಡ್ಬೇಡ. ಹೋಗ್ಬೇಕಾದೋನು ಅಪ್ಪ. ಅವತ್ತೂ ಅವನೊಬ್ಬನೇ ಹೋಗ್ಬೇಕಾಗಿತ್ತು. ನಾನು ಹೋಗ್ತೀನಿ. ಕೂಸು ತಾಯಿ ಹತ್ರ ಇರ್ಲಿ. ಅದು ನನ್ನದು ಅಂತ ಇನ್ನು ಯಾವತ್ತೂ ಬಾಯಿಬಿಟ್ಟು ಹೇಳಲ್ಲ."

ಕಿರುಗುಟ್ಟುವ ಸದ್ದು ನಿಂತಿತು.

ಏನೂ ಅಲುಗಲಿಲ್ಲ. ಗಾಳಿಯೂ. ಆಮೇಲೆ ಹೊಳೆಯ ನಡುವಿನಿಂದ ಒಂದು ಅಳು ಎದ್ದಿತು. ಆ ಅಳು ಕೇಳಿದ ಮೇಲೆ ಆಕೆಯನ್ನು ದೆವ್ವ ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ಊರಿಗೆ ಊರೇ ಕೇಳಿತು. ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಎರಡನೇ ಸಲ ಕಳೆದುಕೊಂಡ ಹೆಂಗಸಿನ ಅಳು. ಮನೆಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಎದೆಗೊತ್ತಿಕೊಂಡರು.

ಜೋಸೆಟ್‌ಳ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ತಿರುಗಿದಳು. "ಅಮ್ಮಾ, ಚಳಿ," ಎಂದಳು. ಕಾಲು ಹಾಕಿದಲ್ಲೆಲ್ಲ ಆ ತೆಳು ಗಡ್ಡೆ ಅವಳನ್ನು ತಡೆದುಕೊಂಡಿತು. ಸೊಂಟದ ನೀರಿನಲ್ಲಿ ನಿಂತಿದ್ದ ರಸೆಲ್‌ನ ಪಕ್ಕದಲ್ಲೇ, ಅವನ ಕೈಗೆಟಕುವಷ್ಟು ಹತ್ತಿರದಲ್ಲಿ ಹಾದು ಹೋಗಿ ತಾಯಿಯ ತೋಳು ಸೇರಿದಳು. ಅವನು ಕೈ ಚಾಚಲಿಲ್ಲ.

ಗೆದ್ದೆವು ಎಂದೇ ಎಲ್ಲರೂ ತಿಳಿದರು. ಮನೆಯಲ್ಲಿ ಮಗುವಿಗೆ ಕಂಬಳಿ ಸುತ್ತಿ, ಬಿಸಿ ಸಾರು ಕುಡಿಸುತ್ತಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು. ರಸೆಲ್ ಒದ್ದೆ ಬಟ್ಟೆಯಲ್ಲೇ ಬಾಗಿಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟ.

ಜೋಸೆಟ್ ಸಾರಿನ ಬಟ್ಟಲು ಕೆಳಗಿಟ್ಟಳು. ಎದ್ದಳು. ಕಣ್ಣು ಖಾಲಿಯಾಯಿತು. ಹಿತ್ತಿಲ ಬಾಗಿಲ ಕಡೆ, ಹೊಳೆಯ ಕಡೆ, ನಡೆಯತೊಡಗಿದಳು.

"ಮಗಾ, ಹಿಂದೆ ಸರಿ," ಎಂದಳು ಕೋಕುಮ್.

ರಸೆಲ್ ಹೊಸಿಲಾಚೆ ಸರಿದ. ಹುಡುಗಿ ನಿಂತಳು, ಕಣ್ಣುಜ್ಜಿಕೊಂಡಳು, ಬಂದು ಕೂತು ಸಾರು ಕುಡಿದಳು.

ಅವನಿಗೆ ನಂಬಲಾಗಲಿಲ್ಲ. ಯಾರಿಗೆ ತಾನೇ ಆಗುತ್ತದೆ? ಮತ್ತೆ ಒಳಗೆ ಕಾಲಿಟ್ಟ. ಅವಳು ಮತ್ತೆ ಎದ್ದಳು. ಓದಿಲ್ ಮಗಳನ್ನು ಗಟ್ಟಿಯಾಗಿ ಅಪ್ಪಿಕೊಂಡು ಗಂಡನ ಕಡೆ ನೋಡಿದಳು. ಹೋಗು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಇರು ಎನ್ನಲು ಸಾಧ್ಯವಿರಲಿಲ್ಲ.

"ನಾನೂ ಬರ್ತೀನಿ, ಎಲ್ಲಾದ್ರೂ ದೂರ ಹೋಗೋಣ," ಎಂದಳು ಕೊನೆಗೆ.

"ನಾವು ಮೂವರೂ ಎಲ್ಲಿ ಹೋದ್ರೂ ನಾನು ಅಲ್ಲಿ ಇರ್ತೀನಲ್ಲೇ," ಎಂದ ರಸೆಲ್.

ಬಾಗಿಲನ್ನು ಅವನೇ ಹೊರಗಿನಿಂದ ಎಳೆದುಕೊಂಡ. ಬಟ್ಟೆಬರೆಯನ್ನು ಕೋಕುಮ್ ಚೀಲಕ್ಕೆ ತುಂಬಿ ತಂದುಕೊಟ್ಟು, ಅವನ ತಲೆ ಸವರಿ ಅತ್ತಳು.

ಈಗ ಅವನು ದೊಡ್ಡ ಸರೋವರದ ಆಚೆ ದಡದಲ್ಲಿ, ಮೀನುಗಾರರ ಕಟ್ಟೆಯಲ್ಲಿ ದೋಣಿಗಳಿಗೆ ಪೆಟ್ರೋಲ್ ಹಾಕುತ್ತಾನೆ, ಎಂಜಿನ್ ರಿಪೇರಿ ಮಾಡುತ್ತಾನೆ. ನಮ್ಮೂರಿನವರು ಯಾರಾದರೂ ಹೋದರೆ ಮಾತಿಗೆ ಮುಂಚೆ ಚಹಾ ಕೊಡುತ್ತಾನೆ. ಅವಳು ಹೇಗಿದ್ದಾಳೆ ಎಂದು ಕೇಳುವುದಿಲ್ಲ. ನಾವೇ ಹೇಳುತ್ತೇವೆ. ಹಲ್ಲು ಬಿತ್ತು, ಹಲ್ಲು ಬಂತು, ಶಾಲೆಯ ಓಟದಲ್ಲಿ ಮೊದಲು ಬಂದಳು.

ಹೋದ ಬೇಸಿಗೆ ನನ್ನ ದೋಣಿಯಲ್ಲಿ ಊರಿನ ಹುಡುಗರ ಜೊತೆ ಜೋಸೆಟ್ ಕೂಡ ಬಂದಳು. ಎತ್ತರಕ್ಕೆ ಬೆಳೆದಿದ್ದಾಳೆ, ಓದಿಲ್‌ಳದೇ ಮೂಗು, ಗಲ್ಲ ಅವನದು. ಉಳಿದವರು ಅಂಗಡಿಗೆ ನುಗ್ಗಿದರು. ಇವಳು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಅವನ ಕೆಲಸ ನೋಡುತ್ತಿದ್ದಳು. ಅವಳ ಕಣ್ಣು ಖಾಲಿಯಾಗುತ್ತದೇನೋ ಎಂದು ನೋಡುತ್ತಲೇ ಇದ್ದೆ; ಆಗಲಿಲ್ಲ, ಅಪ್ಪನೆಂದು ಹೇಳಿಕೊಳ್ಳದವರೆಗೆ ಅವನು ಅವಳಿಗೆ ಬರೀ ಯಾರೋ ಒಬ್ಬ.

"ಅಂಕಲ್, ನೀವು ಯಾವೂರೋರು?"

"ವಿನ್ನಿಪೆಗ್ ಕಡೆ."

"ನಮ್ಮಪ್ಪನೂ ಆ ಕಡೆಯೋರೇ ಅಂತೆ. ನಾನು ಚಿಕ್ಕೋಳಿದ್ದಾಗ ಬಿಟ್ಟು ಹೋದ್ರು."

ರಸೆಲ್ ಪೆಟ್ರೋಲ್ ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿದ. "ಅಮ್ಮ ಹೇಳಿದ್ರಾ?"

"ಅಮ್ಮ ಏನೂ ಹೇಳಲ್ಲ. ಕೇಳಿದ್ರೆ ಅಳ್ತಾರೆ. ಅಮ್ಮನ್ನ ಅಷ್ಟು ಅಳಿಸಿದೋನು ಎಂಥ ಮನುಷ್ಯ, ನೀವೇ ಹೇಳಿ? ಕೆಟ್ಟೋನೇ ಇರ್ಬೇಕು, ಅಲ್ವಾ?"

ಅವನು ಕತ್ತೆತ್ತಲಿಲ್ಲ. ಟ್ಯಾಂಕು ತುಂಬಿ ಪೆಟ್ರೋಲ್ ಹೊರಗೆ ಚೆಲ್ಲಿತು. ಬಿಸಿಲಿತ್ತು, ಹೊಳೆಯಿಂದ ಅಷ್ಟು ದೂರವಿದ್ದೆವು, ಆದರೂ ಎಲ್ಲಿಂದಲೋ ಸಣ್ಣಗೆ ಹೊಗೆಯ ವಾಸನೆ ಬಂದಂತಾಯಿತು ನನಗೆ. ಅವನಿಗೂ ಬಂದಿರಬೇಕು.

"ಹೌದಮ್ಮ," ಎಂದ ರಸೆಲ್. "ಕೆಟ್ಟೋನೇ ಇರ್ಬೇಕು."

ಅವಳು ತಲೆಯಾಡಿಸಿದಳು. ತಾನಂದುಕೊಂಡದ್ದೇ ಸರಿ ಎಂದು ದೊಡ್ಡವರೊಬ್ಬರು ಒಪ್ಪಿದ ಸಮಾಧಾನ ಅವಳ ಮುಖದಲ್ಲಿತ್ತು. ಹುಡುಗರು ಐಸ್‌ಕ್ರೀಮ್ ಹಿಡಿದು ವಾಪಸು ಬಂದರು, ಅವಳಿಗೂ ಒಂದು ತಂದಿದ್ದರು. ರಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ನಮ್ಮ ದೋಣಿಯ ಹಗ್ಗ ಬಿಚ್ಚಿ ಕೊಟ್ಟ.